ಸುಸ್ವಾಗತದ ಮೇಲೆ ನಿಂತ ದೆವ್ವ

ನೆಂಟರೆಂದರೆ ನನಗೆ ಆಗದು ಎಂದು ದಯವಿಟ್ಟು ಯಾರೂ ತಿಳಿಯಬಾರದು. ನೆಂಟರು ಬರಬೇಕು, ಉಣ್ಣಬೇಕು, ನಗಬೇಕು. ನನ್ನ ತಕರಾರು ಭಾನುವಾರದ್ದು ಮಾತ್ರ. ನಾವಿರುವುದು ಶಿವಮೊಗ್ಗದ ರವೀಂದ್ರನಗರದಲ್ಲಿ. ಭಾಮೈದ ಮಂಜುನಾಥನ ಮೋಟಾರ್ ರಿಪೇರಿ ಅಂಗಡಿ ಭದ್ರಾವತಿಯಲ್ಲಿ. ಈ ಎರಡು ಊರುಗಳನ್ನು ಇಷ್ಟು ಹತ್ತಿರ ಕಟ್ಟಿದ ಪುಣ್ಯಾತ್ಮರು ಯಾರೋ! ಭಾನುವಾರ ನಾನು ಪೇಪರು ಬಿಡಿಸುವಷ್ಟರಲ್ಲಿ ಅವನು, ಅವನ ಹೆಂಡತಿ ಲತಾ, ಅವಳಿ ಮಕ್ಕಳು ಗೇಟಿನಲ್ಲಿ ಹಾಜರು. ಮಕ್ಕಳು ನನ್ನ ಆರಾಮ ಕುರ್ಚಿಯನ್ನು ಬಸ್ಸು ಮಾಡಿಕೊಂಡು ಹೊರಟುಬಿಡುತ್ತಾರೆ, ರಿಮೋಟು ಮಂಜುನಾಥನ ಕೈ ಸೇರುತ್ತದೆ, ನನ್ನ ಕೈಗೆ ತೆಂಗಿನಕಾಯಿ ಬರುತ್ತದೆ, ತುರಿಯಲು.

ಹೀಗಿರುವಾಗ ನಮ್ಮ ಬೀದಿಯ ಇರ್ಫಾನ್ ಬಂದ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತಲೇ ಸಿನಿಮಾ ಹುಚ್ಚು ಹತ್ತಿಸಿಕೊಂಡವನು. "ಅಂಕಲ್, ಹಾರರ್ ಸಿನಿಮಾ ಮಾಡ್ತಿದ್ದೀನಿ. ಹಾಳು ಬಂಗಲೆ ಎಲ್ಲಾ ಹಳೇದಾಯ್ತು. ಬಡಾವಣೆ ಮನೇಲಿ ಒಂದು ಸಂಸಾರ, ಅಲ್ಲಿಗೆ ದೆವ್ವ ಬರ್ಬೇಕು. ಒಂದು ವಾರ ನಿಮ್ಮನೆ ಕೊಡ್ತೀರಾ?" ಎಂದ.

"ದೆವ್ವ ನಮ್ಮನೆಗೇ ಯಾಕಪ್ಪ ಬರ್ಬೇಕು?" ಎಂದಳು ನನ್ನ ಹೆಂಡತಿ ಸುಮಾ.

"ಆಂಟಿ, ಸಿನಿಮಾ ನೋಡಿದವರು ನಿಮ್ಮನೆ ಗೇಟ್ ಮುಟ್ಟೋಕೂ ಹೆದರ್ಬೇಕು, ಹಂಗೆ ತೆಗೀತೀನಿ!"

ಗೇಟು ಮುಟ್ಟಲು ಹೆದರುವ ಜನ! ನನ್ನ ಕಣ್ಣ ಮುಂದೆ ಖಾಲಿ ಭಾನುವಾರಗಳು ಸಾಲುಗಟ್ಟಿ ನಿಂತವು. "ಒಂದು ವಾರ ಸಾಕೇನೋ ಮಾರಾಯ? ನಿಧಾನಕ್ಕೆ ಮಾಡು" ಎಂದೆ. ಸುಮಾ ನನ್ನನ್ನು ಅನುಮಾನದಿಂದ ನೋಡಿದಳು. ಶೂಟಿಂಗಿನುದ್ದಕ್ಕೂ ನಾನು ಸಲಹೆ ಕೊಟ್ಟಿದ್ದೇ ಕೊಟ್ಟಿದ್ದು. ಊಟದ ಮನೆಯಲ್ಲಂತೂ ದೆವ್ವ ಇರಲೇಬೇಕು, ಆ ಆರಾಮ ಕುರ್ಚಿಯಲ್ಲಿ ಒಂದು ಸಲ ಕೂರಲಿ, ಬಚ್ಚಲಿನ ಬಕೆಟ್ಟಿನಿಂದ ಒದ್ದೆ ಕೈ ಬರಲಿ, ಹೀಗೆ.

ಸಿನಿಮಾ ಬಿಡುಗಡೆಯಾದಾಗ ಮಂಜುನಾಥನ ಸಂಸಾರವನ್ನು ನಾನೇ ಕರೆಸಿ ಮ್ಯಾಟಿನಿಗೆ ಕೂರಿಸಿದೆ. ದೀಪ ಆರಿತು. ಪರದೆಯ ಮೇಲೆ ನಮ್ಮ ಮುಂಬಾಗಿಲು ಕಿರ್ರೆಂದಿತು.

"ನೋಡ್ರಿ! ಎಣ್ಣೆ ಹಾಕಿ ಅಂತ ಎಷ್ಟು ಸಲ ಹೇಳಿದ್ದೆ!" ಎಂದಳು ಸುಮಾ. ಅಕ್ಕಪಕ್ಕದವರು ಕಿಸಕ್ಕೆಂದರು. ಕೂದಲು ಕೆದರಿಕೊಂಡ ದೆವ್ವ ಹೊಸ್ತಿಲಿಗೆ ಬಂತು. ಅದರ ಕಾಲಡಿಯಲ್ಲಿ ನಮ್ಮ ಕಾಲೊರೆಸು, ಅದರ ಮೇಲೆ ದಪ್ಪಕ್ಷರದಲ್ಲಿ 'ಸುಸ್ವಾಗತ'. ಇಡೀ ಥಿಯೇಟರು ಚಪ್ಪಾಳೆ ತಟ್ಟಿತು. ದೆವ್ವ ಅಡುಗೆಮನೆಗೆ ನುಗ್ಗಿದರೆ ಲತಾ, "ಅತ್ತಿಗೆ, ಹಿಂದಿರೋ ಉಪ್ಪಿನಕಾಯಿ ಭರಣಿ ಈ ವರ್ಷದ್ದಾ?" ಎಂದಳು. ದೆವ್ವ ಆರಾಮ ಕುರ್ಚಿಯಲ್ಲಿ ಕೂತಾಗ ಅವಳಿಗಳು ಎದ್ದು ನಿಂತು, "ದೆವ್ವ ನಮ್ ಬಸ್ ಹತ್ತಿದೆ! ರೈಟ್, ರೈಟ್!" ಎಂದು ಕೂಗಿದವು. ಆಮೇಲೆ ಥಿಯೇಟರಿನವರೆಲ್ಲ ಕಂಡಕ್ಟರುಗಳೇ.

ಆಟ ಮುಗಿದ ಮೇಲೆ ಇರ್ಫಾನ್ ಬಾಗಿಲಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದ. ಯಾರೋ ಅವನ ಬೆನ್ನು ತಟ್ಟಿ, "ಎಂಥ ಕಾಮಿಡಿ ಮಾರಾಯ! ನಾಳೆ ಮನೆಯವರನ್ನೂ ಕರ್ಕೊಂಡು ಬರ್ತೀನಿ" ಎಂದರು. ಇರ್ಫಾನ್ ತಟ್ಟನೆ ಮುಖ ಅರಳಿಸಿ, "ಹೂಂ ಸಾರ್, ಕಾಮಿಡಿನೇ ಮಾಡಿದ್ದು" ಎಂದ.

ಮನೆಗೆ ಬಂದು ಕಾಫಿ ಕುಡಿಯುತ್ತ ಮಂಜುನಾಥ, "ಭಾವ, ನಿಮ್ಮನೆ ಎಷ್ಟು ಚೆಂದ ಕಾಣುತ್ತೆ! ಇನ್ಮೇಲೆ ಶನಿವಾರವೇ ಬಂದ್ಬಿಡ್ತೀವಿ" ಎಂದ. ನನ್ನ ಕಿವಿ ಬಚ್ಚಲ ಕಡೆಗಿತ್ತು. ಥಿಯೇಟರಿನಲ್ಲಿ ಆ ಬಕೆಟ್ಟಿನ ಕೈ ಬಂದಾಗ ಎಲ್ಲರೂ ಶಿಳ್ಳೆ ಹೊಡೆದಿದ್ದರು. ನನ್ನ ಬನಿಯನ್ನು ಮಾತ್ರ ಬೆವರಿಗೆ ಒದ್ದೆಯಾಗಿತ್ತು. ಆ ಕೈ ಇರ್ಫಾನನ ಗೆಳೆಯನದು, ನಮ್ಮನೆಯಲ್ಲೇ ಎರಡೆರಡು ಸಲ ಟೀ ಕುಡಿದ ಕೈ. ಗೊತ್ತಿದ್ದರೇನು? ಮುಸ್ಸಂಜೆಯಾಗುತ್ತಿತ್ತು, ಕಾಲು ತೊಳೆಯಬೇಕಿತ್ತು, ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ಅವರು ಭದ್ರಾವತಿ ಬಸ್ಸಿಗೆಂದು ಎದ್ದರು. ನಾನು ಓಡಿ ಹೋಗಿ ಬ್ಯಾಗು ಕಿತ್ತುಕೊಂಡೆ. "ಇಷ್ಟು ಬೇಗ ಎಲ್ಲಿಗೆ? ಇವತ್ತು ಇಲ್ಲೇ ಉಳ್ಕೊಳ್ಳಿ."

ಸುಮಾಳ ಕಣ್ಣು ತುಂಬಿ ಬಂತು.

"ಬೆಳಿಗ್ಗೆ ಅಂಗಡಿ ತೆಗೀಬೇಕಲ್ಲ ಭಾವ" ಎಂದ ಮಂಜುನಾಥ.

"ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ. ಮೊದ್ಲು ನೀನು ನನ್ನ ಜೊತೆ ಬಚ್ಚಲ ತನಕ ಬಾ" ಎಂದೆ.

ಬಂದ. ಬಾಗಿಲ ಹೊರಗೆ ನಿಂತು, ನಾನು ಬರುವವರೆಗೂ ಜೋರಾಗಿ ಮಾತಾಡುತ್ತಲೇ ಇದ್ದ. ಅದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ.