ಹದಿನೇಳನೇ ನಂಬರಿನ ಗೆರೆಯ ವಿಚಾರವಾಗಿ ಮೊಲದ ಮೂಲದ ಪ್ರತಿಕಾಯಕ್ಕೆ

ಇವರಿಗೆ,
ಶ್ರೀಯುತ ಪ್ರತಿಕಾಯ ಮಹಾಶಯರು,
ಜನನ: ಯಾವುದೋ ದೇಶದ ಒಂದು ಮೊಲದ ರಕ್ತದಲ್ಲಿ.
ಹಾಲಿ ವಾಸ: ಫ್ರೀಜರಿನ ಮೇಲಿನಿಂದ ಎರಡನೇ ಅರೆ, ಹಳೆಯ ಐಸ್‌ಕ್ರೀಂ ಡಬ್ಬಿ, ಸಂಶೋಧನಾ ಪ್ರಯೋಗಾಲಯ, ಚಿಕ್ಕಬಳ್ಳಾಪುರ.

ಮಾನ್ಯರೇ,

ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ತಾವು ಸುಖವಾಗಿರುವಿರೆಂದು ನಂಬಿದ್ದೇನೆ. ಕರೆಂಟು ಹೋದಾಗಲೆಲ್ಲ ತಮ್ಮ ಸಲುವಾಗಿ ಜನರೇಟರಿನತ್ತ ಓಡುವ ನಾನೂ ಕ್ಷೇಮ. ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಶೋಭಾರಾಣಿ ಎಂಬ ಸಂಶೋಧನಾ ವಿದ್ಯಾರ್ಥಿನಿಯಾದ ನಾನು, ತಮ್ಮ ನಡವಳಿಕೆಯಿಂದ ಆದ ಅನಾಹುತದ ಬಗ್ಗೆ ಈ ದೂರನ್ನು ಅತ್ಯಂತ ವಿನಯದಿಂದ, ಎಲ್ಲರೂ ಓದಲೆಂದೇ ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಆಂಟಿಬಾಡಿ ಎನಿಸಿಕೊಳ್ಳುವ ತಮ್ಮ ಘನತೆಯನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಮನುಷ್ಯರ ರಕ್ತದಲ್ಲಿ ಒಂದು ಕಿಣ್ವವಿದೆ; ತೋಟಕ್ಕೆ ಹೊಡೆಯುವ ಕೆಲವು ಕೀಟನಾಶಕಗಳು ಮೈಗೆ ಸೇರಿದರೆ ಅದು ಅವನ್ನು ಮುರಿದು ಹಾಕುತ್ತದೆ. ಕೆಲವರಲ್ಲಿ ಅದು ಹೆಚ್ಚು, ಕೆಲವರಲ್ಲಿ ಕಡಿಮೆ, ಕಡಿಮೆ ಇರುವವರಿಗೆ ವಿಷ ಬೇಗ ಏರುತ್ತದೆಯೇ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ರಕ್ತದಲ್ಲಿರುವ ಸಾವಿರಾರು ವಸ್ತುಗಳ ನಡುವೆ ಆ ಒಂದೇ ಕಿಣ್ವವನ್ನು ಹುಡುಕಿ ಹಿಡಿದುಕೊಂಡು, ಫಿಲ್ಮಿನ ಮೇಲೆ ಒಂದು ಕಪ್ಪು ಗೆರೆಯಾಗಿ ತೋರಿಸುವುದು ತಮ್ಮ ಉದ್ಯೋಗ. ಗೆರೆ ದಪ್ಪಗಿದ್ದರೆ ಕಿಣ್ವ ಹೆಚ್ಚು, ತೆಳುವಾಗಿದ್ದರೆ ಕಡಿಮೆ. ತಮ್ಮ ಪುಟ್ಟ ಶೀಶೆಯ ಮೇಲೆ 'ಸಂಶೋಧನೆಗೆ ಮಾತ್ರ, ರೋಗ ಪತ್ತೆಗಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಅದನ್ನು ನಾನು ಓದಿದ್ದೇನೆ ಎಂಬುದನ್ನು ಮುಂದೆ ಹೇಳಲಿರುವ ಕಾರಣಕ್ಕಾಗಿ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ತಮ್ಮ ಮೇಲೆ ನನಗೆ ಅನುಮಾನ ಹುಟ್ಟಿದ್ದು ತಾವು ಬಂದ ದಿನವೇ. ಸಮುದ್ರ ದಾಟಿ ಬೆಂಗಳೂರಿನವರೆಗೆ ನೆಟ್ಟಗೆ ಬಂದ ತಾವು, ಅಲ್ಲಿಂದ ಒಂದೂವರೆ ಗಂಟೆ ದಾರಿಯ ಚಿಕ್ಕಬಳ್ಳಾಪುರಕ್ಕೆ ಬರಲು ಮನಸ್ಸಾಗದೆ ಗೌರಿಬಿದನೂರಿಗೆ ಹೋಗಿ, ಅಲ್ಲಿನ ಒಂದು ಕೊರಿಯರ್ ಅಂಗಡಿಯಲ್ಲಿ ಒಂದು ಹಗಲು ತಂಗಿದಿರಿ. ನಾನು ಹೋಗಿ ಕರೆತರುವ ಹೊತ್ತಿಗೆ ತಮ್ಮ ಪೆಟ್ಟಿಗೆಯ ಐಸು ಮುಕ್ಕಾಲು ಕರಗಿತ್ತು. ಬಸ್ಸಿನಲ್ಲಿ ತಮ್ಮನ್ನು ಮಡಿಲಲ್ಲಿಟ್ಟುಕೊಂಡು ಬಂದ ನನಗೆ ಪಕ್ಕದ ಸೀಟಿನ ಅಜ್ಜಿ "ಅದೇನಮ್ಮ, ಮೀನಾ?" ಎಂದು ಕೇಳಿದ್ದನ್ನು ತಾವೂ ಕೇಳಿಸಿಕೊಂಡಿರಬಹುದು.

ಇನ್ನು ದೂರಿನ ಮೂಲಕ್ಕೆ ಬರುತ್ತೇನೆ. ಸ್ಕಂದಗಿರಿಯ ಬುಡದ ಕಳವಾರದಲ್ಲಿ ದ್ರಾಕ್ಷಿ ತೋಟಗಳಿಗೆ ಔಷಧಿ ಹೊಡೆಯುವಾಗ ಹಿಂದಿನಿಂದ ಪೈಪು ಎಳೆದುಕೊಡುವ ನಲವತ್ತೆರಡು ಹೆಂಗಸರ ರಕ್ತವನ್ನು ನಾವು ಎರಡು ಸಲ ತೆಗೆದೆವು, ಔಷಧಿ ಕಾಲಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ. (ವಿಷಕ್ಕೆ ನಮ್ಮ ಕಡೆ ಔಷಧಿ ಎಂದೇ ಹೆಸರು, ತಾವು ಹೊರಗಿನವರಾದ್ದರಿಂದ ಹೇಳಿದೆ.) ಅವರಲ್ಲಿ ಹದಿನೇಳನೇ ನಂಬರು ಓಬಳಮ್ಮನವರದು. ಮೊದಲ ಸಲದ ಅವರ ಗೆರೆಯನ್ನು ತಾವು ಮದುವಣಗಿತ್ತಿಯ ಕಾಡಿಗೆಯಷ್ಟು ದಪ್ಪಗೆ, ಅಷ್ಟೇ ಧಾರಾಳವಾಗಿ ಬರೆದಿರಿ. ಆ ಗೆರೆ ನೋಡಿ ನನಗಾದ ಹಿಗ್ಗಿನಲ್ಲಿ, ಮುಂದಿನ ವಾರ ಕಳವಾರಕ್ಕೆ ಹೋದಾಗ, ಶೀಶೆಯ ಮೇಲಿನ ಇಂಗ್ಲಿಷನ್ನು ಅನುಕೂಲಕ್ಕೆ ತಕ್ಕಂತೆ ಮರೆತು, ನಿಮ್ಮ ರಕ್ತ ಬಲು ಗಟ್ಟಿ ಓಬಳಮ್ಮನವರೇ, ಔಷಧಿ ನಿಮ್ಮನ್ನೇನೂ ಮಾಡಲಾರದು ಎಂದುಬಿಟ್ಟೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಅಲ್ಲಿಂದ ಮುಂದೆ ಸರದಿಯ ಮೇಲೆ ಪೈಪು ಹಿಡಿಯುತ್ತಿದ್ದ ಹೆಂಗಸರೆಲ್ಲ, ಗಟ್ಟಿ ರಕ್ತದವಳು ನೀನೇ ಹಿಡಿ ಎನ್ನುತ್ತಾ ಅವರನ್ನೇ ಮುಂದೆ ತಳ್ಳಿದರಂತೆ.

ಎರಡನೇ ಸಲದ ರಕ್ತವನ್ನು ಮೊದಲನೆಯದರ ಪಕ್ಕದಲ್ಲೇ ಇಟ್ಟು ತಮ್ಮ ಮುಂದೆ ಹಿಡಿದೆ. ಒಬ್ಬರ ಮೈಯಲ್ಲಿ ಈ ಕಿಣ್ವ ಕೆಲವೇ ತಿಂಗಳಲ್ಲಿ ಬಹಳ ಏರಿಳಿಯುವುದಿಲ್ಲ. ನಲವತ್ತೊಂದು ಹೆಂಗಸರ ಎರಡೆರಡು ಗೆರೆಗಳು ಅವಳಿ ಮಕ್ಕಳಂತೆ ಹೊಂದಿದವು. ಹದಿನೇಳನೇ ನಂಬರಿನಲ್ಲಿ ಮಾತ್ರ ಮೊದಲನೆಯದು ಕಾಡಿಗೆ, ಎರಡನೆಯದು ಕಣ್ಣು ಕಿರಿದಾಗಿಸಿ ನೋಡಬೇಕಾದ ಒಂದು ಎಳೆ. ನಲವತ್ತೊಂದು ಹೊಂದಿದ್ದು ನನ್ನ ಕೈಚಳಕದಿಂದ ಎಂದೂ, ಒಂದು ಹೊಂದದಿದ್ದುದು ತಮ್ಮ ದೋಷದಿಂದ ಎಂದೂ ನಾನು ತಕ್ಷಣವೇ ಕಂಡುಕೊಂಡೆ. ಆದರೂ ತಮಗೆ ಅನ್ಯಾಯವಾಗಬಾರದೆಂದು ಮೂರು ಸಲ ಕೇಳಿದೆ. ಮೂರು ಸಲವೂ ತಾವು ಅದನ್ನೇ ಹೇಳಿದಿರಿ. ಇಷ್ಟು ಹಟಮಾರಿ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗಲಾರದು.

ನಮ್ಮ ಮಾರ್ಗದರ್ಶಕರಾದ ಡಾ. ಮೋಹನ್‌ಬಾಬು ಅವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು "ಗೌರಿಬಿದನೂರಲ್ಲೇ ಕೆಟ್ಟೋಗಿದೆ ಕಣಮ್ಮ ಇದು, ಕಂಪನಿಗೆ ಬರ್ದು ಹಾಕು" ಎಂದರು. ನಾನು ತಮ್ಮ ಚಾರಿತ್ರ್ಯ, ಪ್ರಯಾಣ ಮತ್ತು ಚಂಚಲ ಬುದ್ಧಿಯ ಬಗ್ಗೆ ಕಂಪನಿಗೆ ನಾಲ್ಕು ಪುಟ ಬರೆದೆ. ರಕ್ತ ಯಾರದ್ದೆಂದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ ಎಂದು ಅವರು ಒಂದೇ ಸಾಲಿನಲ್ಲಿ ಉತ್ತರಿಸಿದರು. ಅದನ್ನು ಉಡಾಫೆ ಎಂದು ತೀರ್ಮಾನಿಸಿ ಮತ್ತೆ ನಾಲ್ಕು ಪುಟ ಬರೆದೆ. ಹೀಗೆ ಮೂರು ವಾರ ಕಳೆಯಿತು. ಕಳವಾರಕ್ಕೆ ಹೋಗಿ ಒಂದು ಮಾತು ಹೇಳಬೇಕೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ನಾಲ್ಕನೇ ವಾರದ ಸೋಮವಾರ ಓಬಳಮ್ಮನವರು ಪೈಪು ಹಿಡಿದಿದ್ದ ಹಾಗೆಯೇ ಔಷಧಿ ಕಲಸುವ ಡ್ರಮ್ಮಿನ ಪಕ್ಕದಲ್ಲಿ ವಾಂತಿ ಮಾಡಿಕೊಂಡು ಬಿದ್ದರು. ಜೊತೆಯವರೆಲ್ಲ ಚೆನ್ನಾಗೇ ಇದ್ದರು. ತೋಟದ ಮಾಲೀಕರಾದ ಮುನಿನಾರಾಯಣಪ್ಪನವರು ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದರು. ಎರಡು ದಿನ ಓಬಳಮ್ಮನವರು ಕಣ್ಣು ಬಿಡಲಿಲ್ಲ. ಆ ಎರಡು ದಿನ ನನಗೆ ಹೇಗಿತ್ತೆಂದು ತಮಗೆ ಹೇಳಿ ಪ್ರಯೋಜನವಿಲ್ಲ, ಮೈನಸ್ ಇಪ್ಪತ್ತರಲ್ಲಿರುವವರಿಗೆ ಬೇಯುವುದೆಂದರೇನೆಂದು ಗೊತ್ತಾಗಲಿಕ್ಕಿಲ್ಲ.

ಮಂಚದ ಪಕ್ಕದಲ್ಲಿ ಕೂತಿದ್ದ ಅವರ ವಾರಗಿತ್ತಿ ಗಂಗುಲಮ್ಮನವರಿಗೆ, ಮೊದಲ ಸಲ ಇವರ ರಕ್ತ ಎಷ್ಟು ಚೆನ್ನಾಗಿತ್ತು ಗೊತ್ತೇ ಎಂದು ನಾನು ಅಳುತ್ತಾ ಹೇಳಿದಾಗ, ಅವರು ನನ್ನ ಮುಖವನ್ನೇ ನೋಡಿ ಶಾಂತವಾಗಿ ಹೇಳಿದ್ದಿಷ್ಟು: "ಅಯ್ಯೋ, ಅವತ್ತು ಇವ್ಳೆಲ್ಲಿ ಬಂದಿದ್ಳಮ್ಮ? ಚಿಂತಾಮಣಿಗೆ ತಂಗಿ ಮಗು ನಾಮಕರಣಕ್ಕೆ ಹೋಗಿದ್ಳು. ಇವ್ಳ ಬದ್ಲು ನಾನೇ ಮುಯ್ಯಾಳಾಗಿ ಬಂದು ಕೊಟ್ನಲ್ಲ."

ಮುಯ್ಯಾಳು ಎಂದರೇನೆಂದು ಮೊಲದ ವಂಶದವರಾದ ತಮಗೆ ತಿಳಿದಿರಲಾರದು. ನನ್ನ ಹೊಲದ ಕಳೆಗೆ ಇಂದು ನೀನು ಬಾ, ನಿನ್ನ ಹೊಲಕ್ಕೆ ನಾಳೆ ನಾನು ಬರುತ್ತೇನೆ, ನನಗಾಗದಿದ್ದರೆ ನಮ್ಮ ಮನೆಯಿಂದ ಇನ್ನೊಬ್ಬರು ಬರುತ್ತಾರೆ. ಯಾರ ಬದಲು ಯಾರು ಬಂದರೂ ಕೆಲಸ ಕೆಲಸವೇ, ಮಾತು ಉಳಿದರೆ ಸಾಕು. ಮೊದಲ ಸಲ ರಕ್ತ ತೆಗೆದ ಕ್ಯಾಂಪಿನಲ್ಲಿ ನಾನು ತಲೆಯೆತ್ತದೆ ಓಬಳಮ್ಮ ಎಂದು ಕೂಗಿದೆ. ಕೊಟ್ಟ ಮಾತು ತಪ್ಪಬಾರದೆಂದು ಗಂಗುಲಮ್ಮನವರು "ಬಂದೆ" ಎಂದು ತೋಳು ಚಾಚಿದರು. ಹಾಗಿದ್ದ ಮೇಲೆ ಗಟ್ಟಿ ರಕ್ತ ತನ್ನದೆಂದು ಓಬಳಮ್ಮ ಹೇಗೆ ನಂಬಿದರು ಎಂದು ಕೇಳಿದೆ. "ಒಂದೇ ಮನೆ, ಒಂದೇ ಒಲೆ, ಒಂದೇ ಮುದ್ದೆ ತಿಂತೀವಿ. ರಕ್ತ ಬೇರೆ ಹೆಂಗಾಗ್ತದೆ?" ಎಂದರು ಗಂಗುಲಮ್ಮ. ಅದೇ ಒಲೆಯ ಮುದ್ದೆ ತಿಂದು ಬೆಳೆದಿದ್ದರೆ ನಾನೂ ಹಾಗೆಯೇ ನಂಬುತ್ತಿದ್ದೆ.

ಅಂದೇ ಇಬ್ಬರ ರಕ್ತವನ್ನೂ ಮುಖ ನೋಡಿ, ಹೆಸರು ಕೇಳಿ, ಮತ್ತೆ ಮುಖ ನೋಡಿ ತಂದೆ. ತಾವು ಯಾವ ಸಂಕೋಚವೂ ಇಲ್ಲದೆ ಗಂಗುಲಮ್ಮನವರಿಗೆ ಕಾಡಿಗೆಯನ್ನೂ ಓಬಳಮ್ಮನವರಿಗೆ ಎಳೆಯನ್ನೂ ಬರೆದುಕೊಟ್ಟಿರಿ. ನಮ್ಮಮ್ಮ ಅನಸೂಯಮ್ಮ ರೇಷ್ಮೆ ಬಿಚ್ಚಾಣಿಕೆಯಲ್ಲಿ ಮೂವತ್ತು ವರ್ಷ ಕೂತವರು, ಗೂಡು ಮುಟ್ಟಿದರೆ ಸಾಕು, ಯಾವ ಮನೆಯ ಹುಳ ಎನ್ನುತ್ತಾರೆ. ಅವರನ್ನು ಬಿಟ್ಟರೆ ಇಂಥ ಕಣ್ಣನ್ನು ನಾನು ಕಂಡದ್ದು ತಮ್ಮಲ್ಲೇ. ಗೌರಿಬಿದನೂರಿನ ಬಿಸಿಲೂ ತಮ್ಮ ಪ್ರಾಮಾಣಿಕತೆಯನ್ನು ಕರಗಿಸಲಿಲ್ಲ ಎಂಬುದೇ ತಮ್ಮ ವಿರುದ್ಧ ನನ್ನ ಮುಖ್ಯ ಆರೋಪವಾಗಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಇನ್ನು ಮುಂದೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ರಕ್ತ ಬಂದಾಗ ಬರೀ ಗೆರೆ ಬರೆದು ಸುಮ್ಮನಿರದೆ, ದಯವಿಟ್ಟು ಜೋರಾಗಿ ಕೂಗಬೇಕು. ಕೂಗಲು ಬಾರದಿದ್ದರೆ ಪ್ರಯೋಗಾಲಯದ ಫ್ಯೂಸನ್ನಾದರೂ ಹಾರಿಸಬೇಕು. ನಾನು ತಮ್ಮ ಮೇಲೆ ನಾಲ್ಕು ಪುಟ ಬರೆಯಲು ಕೂತಾಗ ನನ್ನ ಪೆನ್ನಿನ ಶಾಯಿಯನ್ನು ಹೆಪ್ಪುಗಟ್ಟಿಸಿ, ಕಳವಾರದ ಬಸ್ಸು ಎಷ್ಟು ಹೊತ್ತಿಗೆಂದು ನೆನಪಿಸಬೇಕು. ಶೀಶೆಯ ಮೇಲಿನ ಇಂಗ್ಲಿಷ್ ಸಾಲನ್ನು ನನ್ನ ನಾಲಿಗೆಯ ಮೇಲೂ ಅಂಟಿಸಿದರೆ ಇನ್ನೂ ಉಪಕಾರ.

ಓಬಳಮ್ಮನವರು ಈಗ ಮನೆಗೆ ಬಂದಿದ್ದಾರೆ. ಇನ್ನು ಮೇಲೆ ಅವರು ಪೈಪು ಮುಟ್ಟುವುದಿಲ್ಲ. ಗೊಂಚಲು ಕತ್ತರಿಸುವ ಕೆಲಸವನ್ನು ಮುನಿನಾರಾಯಣಪ್ಪನವರು ಕೊಟ್ಟಿದ್ದಾರೆ, ಅದೂ ಔಷಧಿ ಹೊಡೆದ ಎಷ್ಟೋ ದಿನದ ಮೇಲೆ. ಹೋದ ಭಾನುವಾರ ಅವರ ಮನೆಯ ಜಗಲಿಯಲ್ಲಿ ಕೂತು ತಮ್ಮ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು "ಹಂಗಾದ್ರೆ ನಾನು ಬಂದಿರ್ಲಿಲ್ಲ ಅಂತ ಆ ಮೊಲಕ್ಕೆ ಗೊತ್ತಿತ್ತಾ?" ಎಂದು ಕೇಳಿದರು. ಗೊತ್ತಿತ್ತು ಎಂದೆ. "ನನ್ ರಕ್ತದಾಗೆ ಕಡಿಮೆ ಐತೆ ಅಂತಾನೂ?" ಎಂದರು. ಅದೂ ಗೊತ್ತಿತ್ತು, ಮೂರು ಸಲ ಹೇಳಿತು ಎಂದೆ. "ಯಾರಿಗೆ ಹೇಳ್ತಮ್ಮಾ?" ಎಂದರು.

ನನಗೆ ಎಂದೆ.

ಕಳೆದುಕೊಂಡ ವಿಶ್ವಾಸವನ್ನು ತಡವಾಗಿ ಹುಡುಕಿಕೊಂಡು ಬಂದಿರುವ
ತಮ್ಮ ವಿಶ್ವಾಸಿ,
ಶೋಭಾರಾಣಿ

ವಿ.ಸೂ.: ಓಬಳಮ್ಮನವರ ಕ್ಷಮೆ ಕೇಳಲು ಖುದ್ದಾಗಿ ಬರುತ್ತೇನೆಂದು ಮಾತು ಕೊಟ್ಟಿದ್ದ ಡಾ. ಮೋಹನ್‌ಬಾಬು ಅವರಿಗೆ ಅಂದು ತುರ್ತು ಸಭೆಯಿದ್ದುದರಿಂದ, ಅವರ ಪರವಾಗಿಯೂ ನಾನೇ ಕ್ಷಮೆ ಕೇಳಿ ಬಂದೆ. ಓಬಳಮ್ಮನವರು ನನ್ನ ಹಿಂದೆ ಮುಂದೆ ಒಮ್ಮೆ ನೋಡಿ "ಓ, ಮುಯ್ಯಾಳಾ?" ಎಂದರು. ಅದನ್ನು ಪತ್ತೆ ಹಚ್ಚಲು ತಮ್ಮ ಒಂದು ಹನಿಯೂ ಖರ್ಚಾಗಲಿಲ್ಲ.