ಏಳು ಅಂಗಿಯ ಜ್ವರ

ಪ್ರವಾಸಕ್ಕೆ ಸಾಮಾನು ಕಟ್ಟುವುದು ಒಂದು ಶಾಸ್ತ್ರ. ಆ ಶಾಸ್ತ್ರದಲ್ಲಿ ಇಡೀ ತೈವಾನಿನಲ್ಲಿ ನನ್ನನ್ನು ಮೀರಿಸುವವರಿಲ್ಲ! ಕೀಲುಂಗ್ ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕೂತು, ಜನ ಎಷ್ಟು ಬಗೆಯಲ್ಲಿ ತಪ್ಪಾಗಿ ಗಂಟು ಕಟ್ಟಬಲ್ಲರೆಂದು ಕಣ್ಣಾರೆ ಕಂಡವನು ನಾನು. ಆದ್ದರಿಂದ ಮದುವೆಯ ಮೂವತ್ತನೇ ವರ್ಷಕ್ಕೆ ಒಕಿನಾವಾ ದ್ವೀಪಕ್ಕೆ ನಾಲ್ಕು ದಿನದ ಹಡಗಿನ ಪ್ರವಾಸ ಗೊತ್ತಾದ ದಿನವೇ ಹೆಂಡತಿ ಯೂ-ಲಾನಳಿಗೆ ಘೋಷಿಸಿಬಿಟ್ಟೆ.

"ಇಬ್ಬರಿಗೂ ಸೇರಿ ಒಂದೇ ಪೆಟ್ಟಿಗೆ. ಅದೂ ಚಿಕ್ಕದು!"

"ಯಾಕ್ರೀ? ಪಕ್ಕದ್ಮನೆಯವ್ರು ಹೋದ ವರ್ಷ ಮೂರು ಪೆಟ್ಟಿಗೆ ಒಯ್ದಿದ್ರು."

"ಅವರು ಹೊರಟಿದ್ದು ಪ್ರವಾಸಕ್ಕಲ್ಲ, ಹೊರೆ ಹೊರೋದಕ್ಕೆ!"

ನನ್ನ ಬ್ರಹ್ಮಾಸ್ತ್ರ ಗಾಳಿ ಹೀರುವ ಪ್ಲಾಸ್ಟಿಕ್ ಚೀಲ. ಬಟ್ಟೆ ತುರುಕಿ, ಕಸ ಎಳೆಯುವ ಮೆಷಿನ್ನಿನ ಕೊಳವೆ ಸಿಕ್ಕಿಸಿ ಗುಂಡಿ ಒತ್ತಿದರೆ, ಭರ್ರ್! ಹತ್ತು ಅಂಗಿ ಒಣಗಿಸಿದ ಬೊಂಡಾಸ್ ಮೀನಿನಂತೆ ಚಪ್ಪಟೆಯಾದವು. ಬಟ್ಟೆ ಕುಗ್ಗಿತು, ನಾನು ಉಬ್ಬಿದೆ. ಜಾಗ ಮಿಕ್ಕಿದ್ದು ಕಂಡು ದುರಾಸೆ ಹುಟ್ಟಿತು. ಇನ್ನೆರಡು ಪ್ಯಾಂಟು, ಮಳೆ ಕೋಟು, ಜುಲೈ ತಿಂಗಳಾದರೂ ಇರಲಿ ಎಂದು ಒಂದು ಉಣ್ಣೆಯ ಸ್ವೆಟರ್ ಕೂಡ ಒಳಗೆ ಹೋದವು.

"ವಾಪಸ್ ಬರೋವಾಗ ಗಾಳಿ ಯಾರ್ರೀ ಎಳೀತಾರೆ?" ಎಂದಳು ಯೂ-ಲಾನ್.

"ಅಷ್ಟು ದೊಡ್ಡ ಹಡಗಲ್ಲಿ ಒಂದು ಮೆಷಿನ್ ಇರಲ್ವೇನೇ?"

ಇತ್ತು. ಕೊನೆಯ ದಿನ ಬೆಳಗ್ಗೆ ಕೋಣೆ ಗುಡಿಸುವ ಹೆಂಗಸು ತಂದೂ ಕೊಟ್ಟಳು. ಆದರೆ ಅದರ ಕೊಳವೆ ಆನೆಯ ಸೊಂಡಿಲಿನಷ್ಟು ದಪ್ಪ! ಚೀಲದ ತೂತು ಬಟಾಣಿಯಷ್ಟು. ಎಂಟು ಗಂಟೆಗೆ ಕೋಣೆ ಖಾಲಿ ಮಾಡಬೇಕು, ಏಳೂಕಾಲಾಗಿದೆ, ಮಂಚದ ಮೇಲೆ ನಮ್ಮ ಬಟ್ಟೆ ಗುಡ್ಡದಂತೆ ಬಿದ್ದಿದೆ. ಬೇರೆ ದಾರಿ ಕಾಣದೆ ತೂತಿಗೆ ಬಾಯಿಟ್ಟು ನಾನೇ ಹೀರತೊಡಗಿದೆ. ಹನ್ನೆರಡು ಉಸಿರಿಗೆ ಚೀಲ ಹಾಗೆಯೇ ಇತ್ತು, ನನ್ನ ಕಣ್ಣು ಮಾತ್ರ ಕತ್ತಲಿಟ್ಟಿತು. ನಾಲ್ಕು ದಿನ ಹಾಕಿಕೊಂಡ ಕಾಲುಚೀಲದ ಸುವಾಸನೆ ಶ್ವಾಸಕೋಶದ ಮೂಲೆಮೂಲೆಗೂ ಹೋಗಿ ತಲುಪಿತು!

"ಏನ್ ಮಾಡ್ತಿದೀರಾ?" ಎಂದಳು ಸ್ನಾನದ ಕೋಣೆಯಿಂದ ಬಂದ ಯೂ-ಲಾನ್.

"ಪ್ಯಾಕಿಂಗು..." ಎಂದು ಏದುಸಿರು ಬಿಟ್ಟೆ.

ಕೊನೆಗೆ ಹೊಳೆಯಿತು ಮಹಾ ಉಪಾಯ. ಪೆಟ್ಟಿಗೆಯಲ್ಲಿ ಹಿಡಿಸದ್ದನ್ನು ಮೈಮೇಲೆ ಹಾಕಿಕೊಳ್ಳುವುದು! ಏಳು ಅಂಗಿ, ಮೂರು ಪ್ಯಾಂಟು, ಅದರ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಮಳೆ ಕೋಟು.

"ನೀನೂ ಎರಡು ಹಾಕ್ಕೊಳೇ."

"ನಾನು ಒಂದು ಕರ್ಚೀಫೂ ಹೆಚ್ಚಿಗೆ ಹಾಕ್ಕೊಳಲ್ಲ."

ಸರಿ, ಅವಳ ಕೆಂಪು ಹೂವಿನ ರವಿಕೆಯೂ ನನ್ನ ಪಾಲಿಗೇ ಬಂತು. ಮೊಣಕಾಲು ಮಡಚಲು ಬಾರದೆ, ಉರುಳಿಸಿಬಿಟ್ಟ ಪೀಪಾಯಿಯಂತೆ ಹಡಗಿನ ಏಣಿ ಇಳಿದೆ. ಹೊರಗೆ ಕೀಲುಂಗಿನ ಜುಲೈ ಬಿಸಿಲು. ಬಂದರಿನ ಬಾಗಿಲಲ್ಲಿ ಜ್ವರ ಪತ್ತೆ ಮಾಡುವ ಕ್ಯಾಮೆರಾ. ಎಲ್ಲರೂ ಅದರ ಪರದೆಯ ಮೇಲೆ ಹಸಿರಾಗಿ ದಾಟಿದರು. ನಾನು ಬಂದೆ. ಪರದೆ ಕೆಂಡದಂತೆ ಕೆಂಪಾಯಿತು! ಗಂಟೆ ಬಡಿದುಕೊಂಡಿತು! ಹಿಂದಿನ ಸಾಲು ಮೂರು ಹೆಜ್ಜೆ ಹಿಂದಕ್ಕೆ ಸರಿಯಿತು.

ಕೈಗವಸು ತೊಟ್ಟ ಎಳೆ ವಯಸ್ಸಿನ ಅಧಿಕಾರಿಣಿ ಓಡಿ ಬಂದಳು. "ದೊಡ್ಡಪ್ಪಾ, ಜ್ವರ ಯಾವಾಗಿಂದ?"

"ಜ್ವರ ಅಲ್ಲಮ್ಮಾ, ಇದು ಪ್ಯಾಕಿಂಗು!"

ಅವಳು ತನ್ನ ಪುಸ್ತಕದಲ್ಲಿ 'ಬಡಬಡಿಕೆಯೂ ಇದೆ' ಎಂದು ಬರೆದುಕೊಂಡಳು. ಆಮೇಲೆ ಯೂ-ಲಾನಳ ಕಡೆ ತಿರುಗಿದಳು.

"ಇವರು ನಿಮ್ಮವರಾ?"

ಯೂ-ಲಾನ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮವರು ಇಷ್ಟು ದಪ್ಪ ಇಲ್ಲಮ್ಮ."

ಮೂವತ್ತು ವರ್ಷದ ದಾಂಪತ್ಯ!

ಪಕ್ಕದಲ್ಲಿದ್ದ ಬಟ್ಟೆಯ ಪರದೆಯ ಹಿಂದೆ ನಿಲ್ಲಿಸಿ ಸುಲಿಯತೊಡಗಿದರು. ಕೋಟು ಹೋಯಿತು. ಸ್ವೆಟರ್ ಹೋಯಿತು. ಮೂರನೇ ಅಂಗಿಯ ಹೊತ್ತಿಗೆ ಸುಂಕದವರಿಗೆ ಸುದ್ದಿ ಮುಟ್ಟಿತ್ತು. ಇಷ್ಟು ಬಟ್ಟೆ ಹಾಕಿಕೊಂಡವನು ಏನೋ ಬಚ್ಚಿಟ್ಟಿರಲೇಬೇಕು ಎಂದು ಇಬ್ಬರು ಬಂದು ನಿಂತರು. ಐದನೇ ಅಂಗಿಯ ಕೆಳಗೆ ಕೆಂಪು ಹೂವಿನ ರವಿಕೆ ಕಾಣಿಸಿತು. ಸುಂಕದವರಿಬ್ಬರೂ ರವಿಕೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಆ ನೋಟಕ್ಕಿಂತ ಜೈಲು ವಾಸಿ.

ಕಾಲು ಗಂಟೆ ಫ್ಯಾನಿನ ಮುಂದೆ ಕೂರಿಸಿ ಮತ್ತೆ ನೋಡಿದರು: ಮೂವತ್ತಾರೂವರೆ ಡಿಗ್ರಿ. ಜ್ವರವಿಲ್ಲ, ಕಳ್ಳಸಾಗಣೆಯಿಲ್ಲ. ಆದರೆ ಮೇಜಿನ ಮೇಲೆ ಆ ಗುಡ್ಡ! ನಾನು ಕಂಗಾಲಾಗಿ ನೋಡುತ್ತ ನಿಂತೆ. ಆ ಹುಡುಗಿ ಕೈಗವಸು ಕಳಚಿಟ್ಟು, ಪೆಟ್ಟಿಗೆಯಲ್ಲಿದ್ದುದನ್ನೂ ಹೊರಗೆ ಸುರಿದು, ಒಂದೊಂದೇ ಬಟ್ಟೆ ಎತ್ತಿ ಪೆಟ್ಟಿಗೆಗೆ ಇಳಿಸಿದಳು. ಐದೇ ನಿಮಿಷ. ಜಿಪ್ಪು ಸರ್ರನೆ ಮುಚ್ಚಿತು!

ನಾನು ಬಾಯಿಬಿಟ್ಟೆ. "ಅದು ಹೇಗಮ್ಮಾ ಹಿಡೀತು? ಏನು ವಿದ್ಯೆ ಇದು?"

"ಮಡಚಿದೆ, ದೊಡ್ಡಪ್ಪಾ."

ಇಪ್ಪತ್ತೇಳು ವರ್ಷದ ಪಾರ್ಸೆಲ್ ಅನುಭವ ತಲೆ ತಗ್ಗಿಸಿತು. ಗಾಳಿ ಹೀರುವ ಸಂಭ್ರಮದಲ್ಲಿ ಮಡಚುವುದೆಂಬ ಪದ್ಧತಿಯೊಂದು ಲೋಕದಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು.

"ಇನ್ನು ನೀವಿಬ್ಬರೂ ಮನೆಗೆ ಹೋಗಬಹುದು" ಎಂದಳು ಹುಡುಗಿ ನಗುತ್ತ.

ಯೂ-ಲಾನ್ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡು ಅವಳ ಕಿವಿಯ ಹತ್ತಿರ ಬಗ್ಗಿದಳು.

"ಇವರಿಗೆ ಜ್ವರ ಅಂತಲೇ ಬರ್ಕೊಂಡು ಒಂದು ವಾರ ಇಲ್ಲೇ ಇಟ್ಕೊಳೋಕಾಗಲ್ವೇನಮ್ಮಾ?"