ಕಾಗೆ ಮುಟ್ಟಿದ ಪಿಂಚಣಿ

ಸರ್ಕಾರದ ದುಡ್ಡು ಬಡವರ ಮನೆ ಸೇರುವ ದಾರಿಯಲ್ಲಿ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ನಡೆಯುವ ಹೊತ್ತಿಗೆ ಮಾತ್ರ ಅದು ತಮಾಷೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಕೊಡುವವರಿಗೂ ಭಯ, ತೆಗೆದುಕೊಳ್ಳುವವರಿಗೂ ಭಯ. ನಡುವೆ ಓಡಾಡುವ ನನ್ನಂಥವನಿಗೆ ಎರಡೂ ಕಡೆಯ ಭಯ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ಗ್ರಾಮ ಲೆಕ್ಕಿಗನಾಗಿ ಕೆಲಸಕ್ಕೆ ಸೇರಿದೆ. ಅಪ್ಪ ಸರ್ವಿಸ್‌ನಲ್ಲಿರುವಾಗಲೇ ತೀರಿಕೊಂಡಿದ್ದರಿಂದ ಅನುಕಂಪದ ಮೇಲೆ ಸಿಕ್ಕ ಕೆಲಸ. ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ಓದುತ್ತಿದ್ದ ತಂಗಿ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಸಂಜೆ ಬರುತ್ತಿದ್ದೆ. ಸೇರಿದ ದಿನವೇ ನಮ್ಮ ತಹಶೀಲ್ದಾರ್ ಸಾಹೇಬರು ನನ್ನನ್ನು ಕರೆದು, "ನೋಡ್ರೀ, ಪಿಂಚಣಿ ಆಗ್ಲಿ, ರೇಷನ್ ಕಾರ್ಡ್ ಆಗ್ಲಿ, ನಿಮ್ಮಿಂದ ಒಂದೇ ಒಂದು ಸುಳ್ಳು ವರದಿ ಬಂದ್ರೂ ಮನೆಗೆ ಕಳಿಸ್ತೀನಿ. ನೀವಿನ್ನೂ ಪ್ರೊಬೇಷನ್‌ನಲ್ಲಿದ್ದೀರಿ, ನೆನಪಿರಲಿ" ಅಂದಿದ್ದರು. ನಾನು ಮೊದಲೇ ಹೆದರುಪುಕ್ಕಲ. ಹಲ್ಲಿ ಲೊಚಗುಟ್ಟಿದರೂ ಎದ್ದು ಕೂರುವ ಜಾತಿ. ಅಂಥವನ ಕೈಗೆ ಪೆನ್ನು ಕೊಟ್ಟು, ಮನೆಮನೆಗೆ ಹೋಗಿ ಯಾರು ನಿಜವಾಗಿ ಬಡವರು, ಯಾರು ಅಲ್ಲ ಅಂತ ಪರೀಕ್ಷೆ ಮಾಡಿಕೊಂಡು ಬಾ ಅಂದರು.

ಕಂಬಳಿಯೊಳಗಿನ ಮಾವ

ಮೊದಲು ಕೊಟ್ಟದ್ದು ಹಸಿರು ಕಾರ್ಡಿನ ಪರಿಶೀಲನೆ. ಹಸಿರು ಕಾರ್ಡು ಅಂದರೆ ಬಡವರ ರೇಷನ್ ಕಾರ್ಡು. ಅಕ್ಕಿ, ಸೀಮೆಎಣ್ಣೆ ಅಗ್ಗಕ್ಕೆ ಸಿಗುತ್ತಿತ್ತು. ಮನೆಯಲ್ಲಿ ಟಿ.ವಿ. ಕಂಡರೆ ಕಾರ್ಡು ರದ್ದಾಗುತ್ತದೆ ಅಂತ ಯಾರೋ ಭದ್ರಾವತಿಯ ಓಲ್ಡ್ ಟೌನಿನ ತುಂಬ ಸುದ್ದಿ ಹಬ್ಬಿಸಿದ್ದರು. ನಾನು ಒಂದು ಬೀದಿಗೆ ಕಾಲಿಟ್ಟರೆ ಸಾಕು, ಈ ತುದಿಯಿಂದ ಆ ತುದಿಯವರೆಗೆ ಬಾಗಿಲುಗಳು ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತಿದ್ದವು. ಒಳಗೆ ಏನನ್ನೋ ಎಳೆದಾಡುವ ಸದ್ದು. ಆಮೇಲೆ ಬೆವರು ಒರೆಸಿಕೊಳ್ಳುತ್ತಾ ಬಾಗಿಲು ತೆಗೆಯುತ್ತಿದ್ದರು.

ಅಂಥ ಒಂದು ಮನೆಯಲ್ಲಿ ಮೂಲೆಯ ಮಂಚದ ಮೇಲೆ ಏನೋ ಕಂಬಳಿ ಹೊದ್ದು ಕೂತಿತ್ತು. ನಾನು ಅತ್ತ ನೋಡಿದ್ದೇ ಮನೆಯ ಹೆಂಗಸು ಅಡ್ಡ ಬಂದು ನಿಂತಳು. "ನಮ್ಮ ಮಾವ, ಸಾರ್. ನಾಕು ದಿನದಿಂದ ಜ್ವರ. ಎದ್ದು ಕೂತಿದ್ದಾರೆ, ಮಲಗಕ್ಕೂ ಆಗ್ತಿಲ್ಲ. ಹತ್ರ ಹೋಗ್ಬೇಡಿ, ಅಂಟೋ ಜ್ವರ."

ಅಂಟುವ ಜ್ವರ ಅಂದದ್ದೇ ನಾನು ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಲ್ಲೇ ನಿಂತು ಬರೆಯತೊಡಗಿದೆ. ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಬೆಳಿಗ್ಗೆಯಿಂದ ಹೋಗಿದ್ದ ಕರೆಂಟು ಆಗಲೇ ಬರಬೇಕೆ? ಕಂಬಳಿಯೊಳಗಿಂದ ಗಟ್ಟಿ ದನಿಯಲ್ಲಿ, ಕರಾವಳಿಯಲ್ಲಿ ಮುಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಮಳೆಯಾಗುವ ಸಂಭವವಿದೆ ಅಂತ ಶುರುವಾಯಿತು.

ನಾನು ಅವಳ ಮುಖ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಸೋಲಲಿಲ್ಲ.

"ಜ್ವರ ನೆತ್ತಿಗೇರಿದೆ ಸಾರ್," ಅಂದಳು, "ಏನೇನೋ ಮಾತಾಡ್ತಾರೆ."

ಬಾಡಿಗೆಯವನು

ಕಾರ್ಡು ಮುಗಿದ ಮೇಲೆ ವೃದ್ಧಾಪ್ಯ ವೇತನದ ಸರದಿ. ತಿಂಗಳಿಗೊಮ್ಮೆ ಪೋಸ್ಟ್‌ಮ್ಯಾನ್ ತಂದುಕೊಡುವ ಸಣ್ಣ ಮನಿಯಾರ್ಡರು, ಎಂ.ಒ. ಅಷ್ಟಕ್ಕೂ ಷರತ್ತುಗಳಿದ್ದವು. ದುಡಿಯುವ ಗಂಡು ಮಗ ಇದ್ದರೆ ಪಿಂಚಣಿ ಇಲ್ಲ ಅನ್ನುವುದು ಅದರಲ್ಲಿ ಒಂದು.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಬ್ಬ ಮುದುಕ. ಹಿಂದೆ ಗುತ್ತಿಗೆಯಲ್ಲಿ ಕೂಲಿ ಮಾಡಿಕೊಂಡಿದ್ದವರು, ತಮಿಳು ಕಡೆಯವರು. ನಾನು ಹೆಸರು ಹೇಳಿ ಕರೆದದ್ದೇ ಹೊರಗೆ ಬಂದು ಕೈ ಮುಗಿದರು. ಕೈ ಇಳಿಸಲೇ ಇಲ್ಲ.

"ಮಗ ಇದ್ದಾನಾ ಅಜ್ಜಾ?"

"ಇಲ್ಲ ಸಾಮಿ. ಯಾರೂ ಇಲ್ಲ."

ಒಳಗೆ ಇಪ್ಪತ್ತೈದರ ಹುಡುಗನೊಬ್ಬ ಅನ್ನದ ಗಂಜಿ ಬಸಿಯುತ್ತಿದ್ದ. "ಹಾಗಾದ್ರೆ ಅವರ್ಯಾರು?"

"ಬಾಡಿಗೆಗೆ ಇರೋನು."

ಇಡೀ ಮನೆ ಅಂದರೆ ಒಂದೇ ಕೋಣೆ. ಅದರಲ್ಲಿ ಬಾಡಿಗೆಯವನಿಗೆ ಯಾವ ಭಾಗ ಕೊಟ್ಟಿದ್ದಾರೆ ಅಂತ ನಾನು ಯೋಚಿಸುತ್ತಿರುವಾಗಲೇ ಹುಡುಗ ಒಳಗಿನಿಂದ, "ಅಪ್ಪಾ, ತಟ್ಟೆ ಹಾಕ್ಲಾ?" ಅಂದ. ಮುದುಕರು ಮುಗಿದ ಕೈ ಇಳಿಸದೆಯೇ, "ನೋಡಿ ಸಾಮಿ, ಬಾಡಿಗೆ ಸರಿಯಾಗಿ ಕೊಡಲ್ಲ, ಮೇಲೆ ಅಪ್ಪ ಅಂತ ಬೇರೆ ಕರೀತಾನೆ" ಅಂದರು.

ನಾನು ಏನೂ ಬರೆಯದೆ ಬೀದಿ ತುದಿಯವರೆಗೆ ಬಂದಿದ್ದೆ. ಆ ಹುಡುಗ ಹಿಂದೆಯೇ ಓಡಿಬಂದ. ಹೊಡೆಯಲು ಬಂದ ಅಂತಲೇ ಅಂದುಕೊಂಡೆ. ಅವನು ಏದುಸಿರು ಬಿಡುತ್ತಾ, "ಸಾರ್, ನಾನು ಮಗನೇ. ಕೆಲಸ ಹೋಗಿ ವರ್ಷ ಆಯ್ತು. ಎಲ್ಲಾ ಕಡೆ ಕೇಳ್ತಿದ್ದೀನಿ. ಅಪ್ಪಂದು ಬರೋದು ನಿಂತ್ರೆ ಇಬ್ರೂ ಉಪವಾಸ" ಅಂದ. ನಾನೂ ಅಪ್ಪನಿಂದಲೇ ಸಿಕ್ಕ ಅನ್ನ ಉಣ್ಣುತ್ತಿದ್ದವನು.

"ದುಡಿಯೋ ಮಗ ಅಂತ ತಾನೇ ರೂಲಿನಲ್ಲಿರೋದು, ನೀವು ದುಡೀತಿಲ್ಲವಲ್ಲ. ನಿರುದ್ಯೋಗಿ ಮಗ ಅಂತ ಬರೀತೀನಿ" ಅಂದೆ.

ಅವನು ತಲೆ ತುರಿಸಿಕೊಂಡ. "ಬೇಡ ಸಾರ್, ಬಾಡಿಗೆಯವನು ಅಂತಲೇ ಬರ್ಕೊಳಿ. ಕೆಲಸ ಹೋದಾಗಿಂದ ಮನೇಲೂ ನನ್ನ ಹಂಗೇ ನೋಡ್ತಿದ್ದಾರೆ."

ಹೊಳೆಗೆ ಹೋದವರು

ಇಷ್ಟರವರೆಗೆ ಹೆದರಿದ್ದೆಲ್ಲ ಚಿಲ್ಲರೆ. ನಿಜವಾಗಿ ಜೀವ ಬಾಯಿಗೆ ಬಂದದ್ದು ಹೂ ಕಟ್ಟುವ ಒಬ್ಬ ಅಜ್ಜಿಯಿಂದ.

ಅವರಿದ್ದದ್ದೂ ಓಲ್ಡ್ ಟೌನಿನಲ್ಲೇ, ವಿಧವೆ ಸೊಸೆಯ ಜೊತೆ. ಪಟ್ಟಿಯಲ್ಲಿದ್ದ ಅವರ ಹೆಸರು ಹುಡುಕಿಕೊಂಡು ಬೆಳಿಗ್ಗೆ ಹತ್ತರ ಸುಮಾರಿಗೆ ಹೋದೆ. ಮನೆಗೆ ಬೀಗ. ಜಗುಲಿಯ ಮೇಲೆ ಅಜ್ಜಿಯ ತಂಗಿ ಕೂತು ಎದೆ ಬಡಿದುಕೊಂಡು ಅಳುತ್ತಿದ್ದರು. ಆಯನೂರಿನಿಂದ ಆಗಷ್ಟೇ ಬಸ್ಸಿಳಿದು ಬಂದಿದ್ದರು. "ಅಕ್ಕಾ, ನನ್ನ ಬಿಟ್ಟು ಹೋದ್ಯಲ್ಲೇ" ಅನ್ನುವುದು ಬೀದಿಗೆಲ್ಲ ಕೇಳುತ್ತಿತ್ತು. ನಾನು ಎದುರು ಮನೆಯಾಕೆಯನ್ನು ಕೇಳಲು ಹೋದೆ. ಆಕೆ ಬಾಯಿಯ ಮೇಲೆ ಬೆರಳಿಟ್ಟು, ಈಗ ಮಾತಾಡಬೇಡಿ ಅಂತ ಸನ್ನೆ ಮಾಡಿದರು. ಮತ್ತೂ ಕೇಳಿದ್ದಕ್ಕೆ ಪಿಸುದನಿಯಲ್ಲಿ, "ಹೊಳೆ ಹತ್ರ ಇದ್ದಾರೆ" ಅಂದರು.

ಅಲ್ಲಿ ಹೆಣ ಸುಡುವುದು ಹೊಳೆ ದಂಡೆಯಲ್ಲಿ. ಇನ್ನೇನು ಕೇಳುವುದು? ನಿಯಮದ ಪ್ರಕಾರ ನಾನು ಅಲ್ಲಿಗೆ ಹೋಗಿ ನೋಡಬೇಕಿತ್ತು. ಆದರೆ ಹೆಣ ಅಂದರೆ ನನಗೆ ಚಿಕ್ಕಂದಿನಿಂದ ಭಯ. ಅಪ್ಪನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಹಾಗಾಗಿ ಜಗುಲಿಗೆ ಒರಗಿಕೊಂಡು, "ಫಲಾನುಭವಿಯು ಮೃತರಾಗಿರುವುದು ಖುದ್ದು ಸ್ಥಳ ಪರಿಶೀಲನೆಯಿಂದ ಖಚಿತಪಟ್ಟಿದೆ" ಅಂತ ಬರೆದು, ತಂಗಿಯವರಿಗೆ ಸಮಾಧಾನ ಹೇಳಿ, ಕಣ್ಣೊರೆಸಿಕೊಂಡು ಬಸ್ ಹತ್ತಿದೆ.

ಆ ಬೀದಿಯಲ್ಲಿ ಅವತ್ತು ಒಂದೇ ಸುಳ್ಳು ಹೇಳಬೇಕು ಅಂತ ಅಜ್ಜಿಯ ಮನೆಯವರು ಅಂದುಕೊಂಡಿದ್ದರಂತೆ. ನಾನು ಹೋಗಿ ಎರಡು ಮಾಡಿದೆ.

ಹವಾಯಿ ಚಪ್ಪಲಿ

ಎರಡು ತಿಂಗಳ ಮೇಲೆ, ಮಟಮಟ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ ಒಬ್ಬ ಅಜ್ಜಿ ನನ್ನ ಮೇಜಿನ ಮುಂದೆ ಬಂದು ನಿಂತರು.

"ಶಾನುಭೋಗ್ರು ನೀವೇನಾ? ಎರಡು ತಿಂಗಳಿಂದ ನನ್ನ ಎಂ.ಒ. ಇಲ್ಲ. ಪೋಸ್ಟ್‌ಮ್ಯಾನ್‌ನ ಕೇಳಿದ್ರೆ ನೀವು ಸತ್ತು ಹೋಗಿದ್ದೀರಿ ಅಂತಾನೆ."

ಹೆಸರು ಕೇಳಿದೆ. ಹೇಳಿದರು. ನಾನೇ ಮೃತರು ಅಂತ ಬರೆದು ಕಳಿಸಿದ್ದ ಹೆಸರು. ಪಿಶಾಚಿಯ ಪಾದ ಹಿಂದುಮುಂದಾಗಿರುತ್ತದೆ ಅಂತ ಕೇಳಿದ್ದೆನಲ್ಲ, ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಸವೆದ ಹವಾಯಿ ಚಪ್ಪಲಿ, ಬೆರಳುಗಳು ನನ್ನ ಕಡೆಗೇ ಇದ್ದವು.

"ಇರ್ಲಿ ಏಳಪ್ಪಾ," ಅಂದರು ಅಜ್ಜಿ. "ಕಾಲಿಗೆ ಆಮೇಲೆ ಬೀಳುವಿಯಂತೆ. ಮೊದ್ಲು ಪಿಂಚಣಿ ವಿಷಯ ಹೇಳು."

ಆಮೇಲೆ ಅವರೇ ನಡೆದದ್ದನ್ನು ಹೇಳಿದರು. ಅವತ್ತು ಬೆಳಿಗ್ಗೆ ಜಗುಲಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದಾಗ ಕಾಗೆಯೊಂದು ಬಂದು ತಲೆಗೆ ಹೊಡೆದು ಹೋಯಿತಂತೆ. ಕಾಗೆ ಮುಟ್ಟಿದರೆ ಸಾವು ಹತ್ತಿರ ಅಂತ ನಮ್ಮ ಕಡೆ ನಂಬಿಕೆ. ಪರಿಹಾರ ಏನೆಂದರೆ, ಹತ್ತಿರದ ನೆಂಟರಿಗೆ ಸತ್ತರು ಅಂತ ಸುಳ್ಳು ಸುದ್ದಿ ಮುಟ್ಟಿಸುವುದು. ಅವರು ನಿಜ ಅಂತಲೇ ನಂಬಿ ಅಳಬೇಕು. ಅಳು ಬಿದ್ದರೆ ಸಾವು ಬಂದುಹೋದ ಲೆಕ್ಕ. ಸೊಸೆ ಆಯನೂರಿಗೆ ಫೋನ್ ಮಾಡಿಸಿ, ಅತ್ತೆಯನ್ನು ಹೊಳೆಯಲ್ಲಿ ಸ್ನಾನ ಮಾಡಿಸಲು ಕರೆದುಕೊಂಡು ಹೋಗಿದ್ದಳು. ಮಧ್ಯಾಹ್ನ ಅಕ್ಕತಂಗಿ ಇಬ್ಬರೂ ಕೂತು ಪಾಯಸ ಉಂಡಿದ್ದರು.

ಹೇಳಿ ಮುಗಿಸಿದ ಮೇಲೆ ಅಜ್ಜಿಯ ದನಿ ಸಣ್ಣದಾಯಿತು. "ಅಲ್ಲ ಮಾರಾಯ, ತಂಗಿ ಅತ್ತಿದ್ದು ಸುಳ್ಳು ಸುದ್ದಿಗೆ, ಅದು ಸರಿ. ಆದ್ರೆ ಸರ್ಕಾರದವ್ರೇ ಬರೆದು ಸೀಲ್ ಹಾಕ್ಬಿಟ್ರೆ ನಿಜ ಆಗ್ಬಿಡುತ್ತಾ ಅಂತ ನಂಗೆ ಹೆದರಿಕೆ. ಬಿ.ಪಿ. ಮಾತ್ರೆ ತಗೊಂಡು ತಿಂಗಳ ಮೇಲಾಯ್ತು, ದುಡ್ಡಿಲ್ಲ." ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಈ ಹೆಂಗಸು ನಿಜವಾಗಿ ಸತ್ತರೆ ಕಾಗೆಯಿಂದ ಅಲ್ಲ, ನನ್ನಿಂದ.

ಅಷ್ಟರಲ್ಲಿ ಶಿರಸ್ತೇದಾರರು ಊಟ ಮುಗಿಸಿ ಬಂದರು. ಎಲ್ಲ ಕೇಳಿ, "ಸಾಯಿಸೋಕೆ ಫಾರಂ ಇದೆ ಕಣಯ್ಯಾ, ಬದುಕಿಸೋಕೆ ಇಲ್ಲ. ಒಂದು ತಿದ್ದುಪಡಿ ವರದಿ ಬರಿ. ನಾಳೆ ಬೆಳಿಗ್ಗೆ ಅಜ್ಜಿನ ಕರ್ಕೊಂಡು ಸಾಹೇಬರ ಮುಂದೆ ಹೋಗು. ಆಮೇಲೆ ನಿನ್ನ ಹಣೆಬರಹ" ಅಂದರು. ಮರುದಿನ ಬೆಳಿಗ್ಗೆ ಕಣ್ಣೀರು ಒರೆಸಿಕೊಳ್ಳುತ್ತಲೇ ಬರೆದೆ. ಅಜ್ಜಿ ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದರು. ಏಳು ಹಾಳೆ ಹರಿದ ಮೇಲೆ ಉಳಿದದ್ದು ಇಷ್ಟು: "ಸದರಿ ಫಲಾನುಭವಿಯು ಕಾಗೆ ಮುಟ್ಟಿದ ಕಾರಣ ಸಂಪ್ರದಾಯದ ಪ್ರಕಾರ ಬೆಳಿಗ್ಗೆ ಮೃತರಾಗಿದ್ದು, ಅದೇ ದಿನ ಸ್ನಾನದ ನಂತರ ಜೀವಂತವಾಗಿರುತ್ತಾರೆ."

ಅಳುವವರು ಬೇಕು

ಶಿರಸ್ತೇದಾರರು ಮೊದಲೇ ವಿಷಯ ಮುಟ್ಟಿಸಿದ್ದರಿಂದ ಸಾಹೇಬರ ಮೇಜಿನ ಮೇಲೆ ಆಗಲೇ ನನ್ನ ಹೆಸರಿನ ನೋಟೀಸು ಟೈಪಾಗಿ ಕೂತಿತ್ತು. ಸುಳ್ಳು ವರದಿ ನೀಡಿರುವ ನಿಮ್ಮನ್ನು ಸೇವೆಯಿಂದ ಏಕೆ ವಜಾ ಮಾಡಬಾರದು ಅಂತ. ಸಹಿ ಒಂದು ಬಾಕಿ. ಅವರು ಪೆನ್ನು ಕೈಯಲ್ಲಿ ಹಿಡಿದೇ ನನ್ನ ವರದಿ ಓದತೊಡಗಿದರು. ಸಾಹೇಬರದು ಸಂಸ್ಕೃತ ಪಂಡಿತರ ಮನೆತನ; ಆಡುವ ಮಾತು ಕಡಿಮೆ, ಆಡಿದ್ದೆಲ್ಲ ಬೈಗುಳ. ಕಾಗೆ ಅನ್ನುವ ಕಡೆ ಬಂದು ಅವರ ಕಣ್ಣು ನಿಂತಿತು. ಜವಾನನನ್ನು ಕರೆದು ಬಾಗಿಲು ಹಾಕಿಕೊಳ್ಳಲು ಹೇಳಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಅಜ್ಜಿ," ಅಂದರು ಸಾಹೇಬರು ಮೆಲ್ಲಗೆ, "ಎಲ್ಲಿಗೆ ಮುಟ್ಟಿತು?"

"ನೆತ್ತಿಗೆ, ಸ್ವಾಮಿ."

ಸಾಹೇಬರ ಎಡಗೈ ತಾನಾಗಿಯೇ ತಮ್ಮ ಬೋಳು ತಲೆಯ ಮೇಲೆ ಹೋಯಿತು. "ನಂಗೂ ಅಲ್ಲೇ. ಹದಿನೈದು ದಿನ ಆಯ್ತು. ಕ್ವಾರ್ಟರ್ಸ್ ಮುಂದೆ ಜೀಪ್ ಹತ್ತುವಾಗ. ಅವತ್ತಿಂದ ನಿದ್ದೆ ಇಲ್ಲ. ಮೊನ್ನೆ ಜೀಪಿನ ಬ್ರೇಕೂ ಹಿಡೀಲಿಲ್ಲ."

ಅಜ್ಜಿ ಗಲ್ಲದ ಮೇಲೆ ಕೈ ಇಟ್ಟುಕೊಂಡರು. "ಹದಿನೈದು ದಿನ ಹಂಗೇ ಬಿಟ್ಕೊಂಡಿದ್ದೀರಾ? ಓದಿದೋರು ನೀವು. ಮೊದ್ಲು ಯಾರಿಗಾದ್ರೂ ಸುದ್ದಿ ಕಳಿಸಿ. ನಿಮಗೋಸ್ಕರ ಅಳೋರು ಯಾರಿದ್ದಾರೆ?"

ಸಾಹೇಬರು ಯೋಚನೆ ಮಾಡಿದರು. ಬಹಳ ಹೊತ್ತು ಮಾಡಿದರು. ಹೆಂಡತಿಗೆ ಹೃದಯದ ತೊಂದರೆ, ಬೇಡ ಅಂದರು. ಮಗ ಅಂದು ತಾವೇ ತಲೆ ಅಲ್ಲಾಡಿಸಿದರು. ಕೊನೆಗೆ, "ಶಿವಮೊಗ್ಗದಲ್ಲಿ ಅಕ್ಕ ಇದ್ದಾರೆ. ಅವರು ಅಳಬಹುದು" ಅಂದರು. "ಆದ್ರೆ ಫೋನ್ ಮಾಡೋರು ಯಾರು?"

"ಇವನೇ ಮಾಡ್ಲಿ," ಅಂದರು ಅಜ್ಜಿ ನನ್ನ ಕಡೆ ತೋರಿಸಿ. "ಬದುಕಿರೋರನ್ನ ಸಾಯಿಸಿ ಇವನಿಗೆ ಅಭ್ಯಾಸ ಇದೆ."

ಸಾಹೇಬರೇ ನಂಬರು ತಿರುಗಿಸಿ ರಿಸೀವರು ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ, "ಹಲೋ" ಅಂತ. ತಲೆ ತಗ್ಗಿಸಿದರೆ ಕಣ್ಣೆದುರಿಗೇ ಆ ನೋಟೀಸು, ಅದರಲ್ಲಿ ನನ್ನ ಹೆಸರು. ಅಮ್ಮ ನೆನಪಾದಳು. ತಂಗಿಯ ಫೀಸು ನೆನಪಾಯಿತು. ಅಲ್ಲಿಗೆ ಕಟ್ಟೆ ಒಡೆಯಿತು. "ಅಮ್ಮಾ, ಸಾಹೇಬರು... ಸಾಹೇಬರು ನಮ್ಮನ್ನ ಬಿಟ್ಟು ಹೋದ್ರು" ಅಂತ ಹೇಳುವಷ್ಟರಲ್ಲಿ ನಾನು ಗೊಳೋ ಅಂತ ಅಳುತ್ತಿದ್ದೆ. ಆ ಅಳು ಕೇಳಿದ ಮೇಲೆ ಅವರಿಗೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಅವರು ಶಿವಮೊಗ್ಗದಲ್ಲಿ, ನಾನು ಭದ್ರಾವತಿಯಲ್ಲಿ, ಇಬ್ಬರೂ ಸೇರಿ ಎರಡು ನಿಮಿಷ ಅತ್ತೆವು.

ಸಾಕು ಅಂತ ಅಜ್ಜಿ ಕೈ ಎತ್ತಿದರು. ಸಾಹೇಬರು ರಿಸೀವರು ಕಿತ್ತುಕೊಂಡು, "ಅಕ್ಕಾ, ನಾನೇ, ಬದುಕಿದ್ದೀನಿ, ಕಾಗೆ ಮುಟ್ಟಿತ್ತು" ಅಂದರು. ಆಮೇಲೆ ಆ ಕಡೆಯಿಂದ ಬಂದ ಬೈಗುಳಕ್ಕೆ ರಿಸೀವರನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದು, "ಹೂಂ ಅಕ್ಕಾ, ತಪ್ಪಾಯ್ತು ಅಕ್ಕಾ" ಅನ್ನುತ್ತಿದ್ದರು. ಇಡೀ ಕಚೇರಿಯನ್ನು ನಡುಗಿಸುವ ಮನುಷ್ಯ.

ಫೋನಿಟ್ಟು ಮುಖ ಒರೆಸಿಕೊಂಡರು. ಅಜ್ಜಿಯ ಪಿಂಚಣಿ ಮುಂದುವರಿಸುವಂತೆ, ನಿಂತ ಎರಡು ತಿಂಗಳಿನದನ್ನೂ ಕೊಡುವಂತೆ ಬರೆದು ಸಹಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಬಿಕ್ಕು ಇನ್ನೂ ನಿಂತಿರಲಿಲ್ಲ. ಅವರು ನೋಟೀಸನ್ನು ಎತ್ತಿಕೊಂಡು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಹರಿದು ಬುಟ್ಟಿಗೆ ಹಾಕಿದರು.

"ನಾನು ಸತ್ರೆ ಈ ಆಫೀಸಲ್ಲಿ ಸ್ವೀಟ್ ಹಂಚೋರೇ ಜಾಸ್ತಿ ಅಂದ್ಕೊಂಡಿದ್ದೆ ಕಣ್ರೀ," ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು. "ನನಗೋಸ್ಕರ ಹೀಗೆ ಅಳೋರೂ ಒಬ್ರಿದ್ದಾರೆ ಅಂತ ಗೊತ್ತೇ ಇರ್ಲಿಲ್ಲ."

ನಾನು ಅಜ್ಜಿಯ ಮುಖ ನೋಡಿದೆ. ನಾನು ಯಾತಕ್ಕೆ ಅತ್ತೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಯಿತು. ಅವರು ನನ್ನನ್ನೊಮ್ಮೆ ನೋಡಿ, ಕೈಯಲ್ಲಿದ್ದ ಆರ್ಡರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ಬಿಟ್ಟೇಬಿಟ್ಟರು.

"ಪಾಪದ ಹುಡುಗ, ಸ್ವಾಮಿ. ಬೆಳಿಗ್ಗೆಯಿಂದ ಅಳ್ತಾನೇ ಇದ್ದಾನೆ. ನೀವು ಸಾಯೋಕೆ ಎರಡು ಗಂಟೆ ಮುಂಚೆಯಿಂದಾನೇ."